ದಿನಾ ಮಂಡ್ಯಕ್ಕೆ ಹೋಗಿಬರಲು ಮಸ್ಟಾಂಗ್ ಸೇಫಾ?

ಪ್ರಶ್ನೆ: ನಾವು ಮೈಸೂರಿನ ಕುವೆಂಪುನಗರದವರು. ನನ್ನ ಹೆಂಡತಿ ಮಂಡ್ಯದ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ದಿನಾ ತಾನೇ ಕಾರು ಓಡಿಸಿಕೊಂಡು ಹೋಗಿಬರುತ್ತಾಳೆ. ಹೋಗುವಾಗ ಏಳು ವರ್ಷದ ಮಗಳನ್ನು ಸ್ಕೂಲಿಗೆ ಬಿಡುತ್ತಾಳೆ. ಈಗಿರುವುದು 2013ರ ಸ್ವಿಫ್ಟ್, ಏರ್‌ಬ್ಯಾಗ್ ಇಲ್ಲದ ವೇರಿಯಂಟ್. ಅವಳಿಗೆ ಮೊದಲಿನಿಂದಲೂ ಸ್ಪೋರ್ಟ್ಸ್ ಕಾರಿನ ಹುಚ್ಚು. ಮುಂದಿನ ತಿಂಗಳು ಅವಳ 40ನೇ ಹುಟ್ಟುಹಬ್ಬ. 2017ರ ಫೋರ್ಡ್ ಮಸ್ಟಾಂಗ್ ಜಿಟಿ ಒಂದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿದೆ, ದೆಹಲಿ ರಿಜಿಸ್ಟ್ರೇಷನ್. ಅವಳಿಗೆ ಹೇಳದೆ ತಂದು ನಿಲ್ಲಿಸಬೇಕು ಅಂತ ಆಸೆ. ನಮ್ಮಮ್ಮ ಮಾತ್ರ ‘ಹೆಣ್ಣುಮಕ್ಕಳ ಕೈಗೆ ಅಷ್ಟು ಜೋರಿನ ಗಾಡಿ ಬೇಡಪ್ಪ’ ಅಂತಾರೆ. ದಿನಾ ಓಡಿಸಲು ಇದು ಸೇಫಾ?

ಉತ್ತರ: ದಿನಾ ಓಡಿಸಲು ಬೇಡ. ಆದರೆ ನಿಮ್ಮ ತಾಯಿಯವರು ಹೇಳುವ ಕಾರಣಕ್ಕಲ್ಲ. ವರ್ಷಗಟ್ಟಲೆ ಮೈಸೂರು–ಮಂಡ್ಯ ಓಡಿಸಿದವರ ಕೈ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಬಹುಶಃ ನಿಮಗಿಂತ ಚೆನ್ನಾಗಿಯೇ ಓಡಿಸುತ್ತಾರೆ. ನನಗೆ ಚಿಂತೆ ಇರುವುದು ಆ ಗಾಡಿಯ ಹಿಂದಿನ ಸೀಟಿನದು ಮತ್ತು ನಮ್ಮ ರಸ್ತೆಯದು. ಅದಕ್ಕಿಂತ ಜಾಸ್ತಿ ಚಿಂತೆ ನೀವು ಕೇಳದೇ ಬಿಟ್ಟ ಸ್ವಿಫ್ಟ್‌ನದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಎಲ್ಲರೂ ಹೆದರುವ ಎಂಜಿನ್ ವಿಷಯ ಮುಗಿಸಿಬಿಡೋಣ. 5 ಲೀಟರಿನ ವಿ8, ಹತ್ತಿರ ಹತ್ತಿರ 400 ಹಾರ್ಸ್‌ಪವರ್, ಹಿಂದಿನ ಚಕ್ರಕ್ಕೆ ಶಕ್ತಿ. ಕೇಳಿದರೆ ಭಯ ಆಗುತ್ತದೆ ನಿಜ. ಆದರೆ ಅದು ಆಟೊಮ್ಯಾಟಿಕ್ ಗಾಡಿ. ಕಾಲು ಎಷ್ಟು ಒತ್ತುತ್ತದೋ ಅಷ್ಟೇ ಓಡುತ್ತದೆ. ಜೊತೆಗೆ ಇಎಸ್‌ಸಿ ಇದೆ. ಗಾಡಿ ಜಾರುವ ಸೂಚನೆ ಕಂಡ ತಕ್ಷಣ ಒಂದೊಂದೇ ಚಕ್ರದ ಬ್ರೇಕ್ ಹಿಡಿದು ಗಾಡಿಯನ್ನು ದಾರಿಗೆ ತರುವ ವ್ಯವಸ್ಥೆ ಅದು. ಬೇರೆ ಗಾಡಿ ಸೇರದೆ, ತಾನೇ ಹಿಡಿತ ತಪ್ಪಿ ಆಗುವ ಮಾರಣಾಂತಿಕ ಅಪಘಾತಗಳನ್ನು ಇಎಸ್‌ಸಿ ಸುಮಾರು ಅರ್ಧಕ್ಕೆ ಇಳಿಸುತ್ತದೆ ಎಂದು ಅಮೆರಿಕದ ಲೆಕ್ಕಗಳು ಹೇಳುತ್ತವೆ. ಮಳೆಯಲ್ಲಿ ಡ್ರೈವ್ ಮೋಡನ್ನು ‘ಸ್ನೋ/ವೆಟ್’ಗೆ ಹಾಕಿದರೆ ಆಕ್ಸಿಲರೇಟರ್ ಇನ್ನೂ ಸೌಮ್ಯ ಆಗುತ್ತದೆ. ‘ಟ್ರ್ಯಾಕ್’ ಮೋಡನ್ನು ಮಾತ್ರ ಮುಟ್ಟಲೇಬಾರದು. ಹೆಸರೇ ಹೇಳುವ ಹಾಗೆ ಅದು ರೇಸ್ ಟ್ರ್ಯಾಕಿಗೆ.

ಅಮೆರಿಕದ ವಿಮಾ ಕಂಪನಿಗಳು ನಡೆಸುವ ಸಂಸ್ಥೆಯೊಂದು ಯಾವ ಮಾಡೆಲ್‌ನಲ್ಲಿ ಎಷ್ಟು ಚಾಲಕರು ಸತ್ತರು ಎಂಬ ಲೆಕ್ಕ ಇಡುತ್ತದೆ. ಅದರಲ್ಲಿ ಮಸ್ಟಾಂಗ್, ಕಮಾರೋ, ಚಾಲೆಂಜರ್ ಥರದ ಗಾಡಿಗಳು ಮೇಲಿನ ಸಾಲಿನಲ್ಲೇ ಇರುತ್ತವೆ. ನಿಮ್ಮ ತಾಯಿಯವರು ಇದನ್ನು ಎಲ್ಲಾದರೂ ಓದಿದರೆ ಖಂಡಿತ ನಿಮಗೆ ತೋರಿಸುತ್ತಾರೆ. ಆದರೆ ಆ ಲೆಕ್ಕದಲ್ಲಿ ಗಾಡಿಯ ಜೊತೆಗೆ ಅದನ್ನು ಓಡಿಸುವ ರೀತಿಯೂ ಸೇರಿಕೊಂಡಿದೆ. ಸ್ಪೀಡಿಗಾಗಿಯೇ ಕೊಂಡವರು ಸ್ಪೀಡಾಗಿಯೇ ಓಡಿಸುತ್ತಾರೆ. ಬೆಳಿಗ್ಗೆ ಕ್ಲಾಸಿಗೆ ಹೊರಟ ಲೆಕ್ಚರರ್‌ಗೆ ಅದನ್ನು ಹಾಗೇ ಅಂಟಿಸಲು ಆಗುವುದಿಲ್ಲ. ಆದ್ದರಿಂದ ಎಂಜಿನ್ ವಾದವನ್ನು ನಾನು ಇಲ್ಲಿಗೇ ಬಿಡುತ್ತೇನೆ.

ಈಗ ಹಿಂದಿನ ಸೀಟು. ಯುರೋಪಿನ ಯುರೋ ಎನ್‌ಕ್ಯಾಪ್ ಸಂಸ್ಥೆ 2017ರ ಜನವರಿಯಲ್ಲಿ ಇದೇ ಪೀಳಿಗೆಯ ಮಸ್ಟಾಂಗನ್ನು ಗುದ್ದಿಸಿ ನೋಡಿತು. ಬಂದದ್ದು 5ಕ್ಕೆ 2 ಸ್ಟಾರ್. ಅಷ್ಟು ಹೆಸರಿರುವ ಗಾಡಿಗೆ 2 ಸ್ಟಾರ್ ಅಂದರೆ ಆಗ ದೊಡ್ಡ ಸುದ್ದಿಯೇ ಆಗಿತ್ತು. ಮುಂದಿನ ಡಿಕ್ಕಿಯ ಪರೀಕ್ಷೆಯಲ್ಲಿ ಚಾಲಕನ ಮತ್ತು ಪಕ್ಕದವರ ಏರ್‌ಬ್ಯಾಗ್‌ಗಳು ಸಾಕಷ್ಟು ಊದಿಕೊಳ್ಳಲಿಲ್ಲ. ಹಿಂದಿನ ಸೀಟಿನ ಬೆಲ್ಟ್‌ಗೆ ಡಿಕ್ಕಿಯಾದ ಕ್ಷಣದಲ್ಲಿ ಬಿಗಿಯಾಗಿ ಎಳೆದುಕೊಳ್ಳುವ ಪ್ರಿಟೆನ್ಷನರ್ ಇರಲಿಲ್ಲ, ಎದೆಯ ಮೇಲಿನ ಒತ್ತಡ ಮಿತಿಯಲ್ಲಿಡುವ ಲೋಡ್ ಲಿಮಿಟರ್ ಕೂಡ ಇರಲಿಲ್ಲ. ಹಾಗಾಗಿ ಪರೀಕ್ಷೆಗೆ ಮನುಷ್ಯರ ಬದಲು ಹಿಂದೆ ಕೂರಿಸಿದ್ದ ಗೊಂಬೆ ಬೆಲ್ಟಿನ ಕೆಳಗೆ ಜಾರಿಹೋಯಿತು. ಬೆಲ್ಟ್ ಇರಬೇಕಾದದ್ದು ಸೊಂಟದ ಮೂಳೆಯ ಮೇಲೆ. ಹಾಗೆ ಜಾರಿದಾಗ ಅದು ಹೊಟ್ಟೆಯ ಮೇಲೆ ಬರುತ್ತದೆ. ಮೂಳೆ ತಡೆಯಬೇಕಾದ ಏಟನ್ನು ಕರುಳು ತಿನ್ನುತ್ತದೆ. ಪಕ್ಕದಿಂದ ಗುದ್ದಿದಾಗ ಹತ್ತು ವರ್ಷದ ಮಗುವಿನ ಅಳತೆಯ ಗೊಂಬೆಯ ತಲೆ ಕಾರಿನ ಒಳಗಿನ ಹೊದಿಕೆಗೆ (ಟ್ರಿಮ್) ತಗುಲಿತು. ಮಕ್ಕಳ ರಕ್ಷಣೆಗೆ ಸಿಕ್ಕಿದ ಅಂಕ ಶೇ 32.

ಮಾರುವವರು ನಿಮಗೆ ಇದನ್ನು ಹೇಳುವುದಿಲ್ಲ. ‘ಅಮೆರಿಕದಲ್ಲಿ 5 ಸ್ಟಾರ್ ಸಾರ್’ ಅಂತಾರೆ. ಅದೂ ಸುಳ್ಳಲ್ಲ. ಅಮೆರಿಕದ ಸರ್ಕಾರಿ ಪರೀಕ್ಷೆಯಲ್ಲಿ ಇದಕ್ಕೆ 5 ಸ್ಟಾರ್ ಬಂದಿದೆ. ಪರೀಕ್ಷೆ ಬೇರೆ, ನೋಡುವ ವಿಷಯಗಳು ಬೇರೆ. ಅಲ್ಲಿ ಹಿಂದೆ ಕೂರುವ ಮಕ್ಕಳ ರಕ್ಷಣೆಗೆ ಯುರೋಪಿನ ಹಾಗೆ ಪ್ರತ್ಯೇಕ ಅಂಕ ಇರಲಿಲ್ಲ. ನಿಮ್ಮ ಮನೆಯವರೊಬ್ಬರೇ ಓಡಾಡುವುದಾದರೆ ನಾನು ಇಷ್ಟು ಎಳೆಯುತ್ತಿರಲಿಲ್ಲ. ಆದರೆ ದಿನಾ ಬೆಳಿಗ್ಗೆ ಆ ಹಿಂದಿನ ಸೀಟಿನಲ್ಲಿ ನಿಮ್ಮ ಮಗಳು ಕೂತಿರುತ್ತಾಳೆ ಅಲ್ವಾ? ಯುರೋ ಎನ್‌ಕ್ಯಾಪ್ ಅದೇ ವರ್ಷ ಜುಲೈನಲ್ಲಿ ಸುಧಾರಿಸಿದ ಮಸ್ಟಾಂಗನ್ನು ಮತ್ತೆ ಪರೀಕ್ಷಿಸಿ 3 ಸ್ಟಾರ್ ಕೊಟ್ಟಿತು. ಅದು ಮುಂದಿನ ಮಾಡೆಲ್. ‘2017’ ಅಂತ ಆರ್‌ಸಿಯಲ್ಲಿದ್ದ ಮಾತ್ರಕ್ಕೆ ನಿಮಗೆ ಸಿಕ್ಕಿರುವುದು ಅದೇ ಅಂದುಕೊಳ್ಳಬೇಡಿ.

ಇನ್ನೊಂದು ಸಣ್ಣ ವಿಷಯ, ಆದರೆ ದಿನಾ ಎದುರಾಗುವಂಥದ್ದು. ಇದಕ್ಕೆ ಎರಡೇ ಬಾಗಿಲು. ಮಗು ಇಳಿಯಬೇಕಾದರೆ ಮುಂದಿನ ಸೀಟು ಮಡಚಿ, ಉದ್ದದ ಬಾಗಿಲು ಪೂರ್ತಿ ತೆಗೆಯಬೇಕು. ಸ್ಕೂಲ್ ಗೇಟಿನ ಮುಂದೆ ಆಟೋ, ವ್ಯಾನು, ಸ್ಕೂಟರ್ ನಡುವೆ ಅಷ್ಟು ಜಾಗ ಯಾರು ಬಿಡುತ್ತಾರೆ? ಕೊನೆಗೆ ಏನಾಗುತ್ತದೆ ಅಂದರೆ, ಮಗುವನ್ನು ಮುಂದೆಯೇ ಕೂರಿಸಿಕೊಳ್ಳುವ ಅಭ್ಯಾಸ ಆಗುತ್ತದೆ. ಏಳು ವರ್ಷದವರ ಜಾಗ ಹಿಂದಿನ ಸೀಟು, ಅದೂ ಬೆಲ್ಟ್ ಸರಿಯಾಗಿ ಕೂರುವಂತೆ ಮಗುವನ್ನು ಎತ್ತರಿಸುವ ಬೂಸ್ಟರ್ ಸೀಟಿನ ಮೇಲೆ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದಿದ್ದರೆ 1,000 ರೂಪಾಯಿ ದಂಡ ಅಂತ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲೇ ಇದೆ. ದಂಡ ಹಾಕುವುದನ್ನು ನಾನಂತೂ ನೋಡಿಲ್ಲ, ಆ ಮಾತು ಬೇರೆ.

ಇನ್ನು ರಸ್ತೆ. ಮೈಸೂರಿನಿಂದ ಮಂಡ್ಯಕ್ಕೆ ಸುಮಾರು 45 ಕಿ.ಮೀ. ‘ಎಕ್ಸ್‌ಪ್ರೆಸ್‌ವೇ ಇದೆಯಲ್ಲ, ಸ್ಪೋರ್ಟ್ಸ್ ಕಾರಿಗೆ ಹೇಳಿ ಮಾಡಿಸಿದ ರಸ್ತೆ’ ಅಂತ ನಿಮ್ಮ ಮನಸ್ಸಿನಲ್ಲಿ ಇರಬಹುದು. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದ ಆ ರಸ್ತೆಯಲ್ಲಿ ಕಾರಿನ ಮಿತಿ ಗಂಟೆಗೆ 100 ಕಿ.ಮೀ. ಕ್ಯಾಮೆರಾಗಳು ಕಾಯುತ್ತಿವೆ. ಗಣಂಗೂರಿನಲ್ಲಿ ಟೋಲ್‌ಗೆ ಹೇಗೂ ನಿಧಾನ ಮಾಡಲೇಬೇಕು. ಅಂದರೆ ಈ ಗಾಡಿಯ ಅರ್ಧ ಶಕ್ತಿಯೂ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. 100ರಲ್ಲಿ ಹೋಗುವಾಗ ಒಂದು ಸೆಕೆಂಡಿಗೆ 28 ಮೀಟರ್ ದಾಟಿರುತ್ತೀರಿ. 80ರಿಂದ 100ಕ್ಕೆ ಏರಿಸಿದರೆ ಡಿಕ್ಕಿಯ ಹೊಡೆತ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಸಣ್ಣ ಕಾರಿನಲ್ಲಿ 100 ಅಂದರೆ ಗಾಳಿ, ಎಂಜಿನ್ ಎಲ್ಲ ಸೇರಿ ಸದ್ದು ಮಾಡಿ ನಿಮಗೆ ಹೇಳುತ್ತವೆ. ಮಸ್ಟಾಂಗ್‌ನಲ್ಲಿ 130 ಕೂಡ ಸುಮ್ನೆ ಕೂತ ಹಾಗಿರುತ್ತದೆ. ದಿನಾ ಓಡಿಸುವವರಿಗೆ ಇರುವ ಅಪಾಯ ಅದು. ರೇಸ್ ಮಾಡುವ ಹುಚ್ಚು ಇರಬೇಕಾಗಿಲ್ಲ, ಲೇಟಾಯ್ತು ಅನ್ನುವ ಯೋಚನೆ ಸಾಕು.

ನಿಜವಾದ ತೊಂದರೆ ಮೇನ್ ರೋಡಿನಿಂದ ಇಳಿದ ಮೇಲೆ ಶುರು. ಆ ರಸ್ತೆ ಮಂಡ್ಯ ಊರನ್ನು ಬೈಪಾಸ್‌ನಲ್ಲಿ ದಾಟಿಹೋಗುತ್ತದೆ. ಕಾಲೇಜಿಗೆ ಹೋಗಲು ಸರ್ವಿಸ್ ರೋಡು, ಊರೊಳಗಿನ ರೋಡು ಹಿಡಿಯಲೇಬೇಕು. 2023ರ ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳನ್ನು ಮೇನ್ ರೋಡಿಗೆ ಬಿಡುವುದಿಲ್ಲ. ಅವೆಲ್ಲ ಸೇರಿರುವುದು ಈ ಸರ್ವಿಸ್ ರೋಡಿನಲ್ಲೇ. ಹಂಪ್‌ಗಳೂ ಅಲ್ಲೇ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಹಾಗಿದ್ದರೆ ಮಸ್ಟಾಂಗ್ ಕೂಡ ನಿಧಾನಕ್ಕೆ ದಾಟುತ್ತದೆ. ನಮ್ಮ ಊರುಗಳ ಮುಂದೆ ಇರುವುದು ಆ ಥರದ್ದಲ್ಲ. ಮೊನ್ನೆ ಯಾರೋ ಬಿದ್ದರು ಅಂತ ರಾತ್ರೋರಾತ್ರಿ ಹಾಕಿದ ಕಿರಿದಾದ, ಚೂಪಾದ ಗುಡ್ಡೆ. ಬಣ್ಣವೂ ಇರುವುದಿಲ್ಲ, ಬೋರ್ಡೂ ಇರುವುದಿಲ್ಲ. ಈ ಗಾಡಿಯ ಹೊಟ್ಟೆ ನೆಲದಿಂದ 137 ಮಿ.ಮೀ. ಎತ್ತರ, ಮೂತಿ ಉದ್ದ, ಎರಡು ಚಕ್ರಗಳ ನಡುವೆಯೂ ದೂರ ಜಾಸ್ತಿ. ಹಂಪ್ ಕಂಡ ಕಡೆಯೆಲ್ಲ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸಬೇಕು. ಹಾಗೆ ಓರೆ ಮಾಡುವಾಗ ಹಿಂದೆ ಬರುವ ಬೈಕಿನವನಿಗೆ ಏನು ಗೊತ್ತು? ಅವನು ಇವರು ಬಲಕ್ಕೆ ತಿರುಗುತ್ತಿದ್ದಾರೆ ಅಂದುಕೊಂಡು ಎಡಕ್ಕೆ ನುಗ್ಗುತ್ತಾನೆ. ಹಂಪ್ ಬಳಿ ತಗ್ಗು ಕಾರುಗಳಿಗೆ ಪಕ್ಕದಲ್ಲಿ ಗೀರು ಬೀಳುವುದು ಹೀಗೆಯೇ.

ಮಂಡ್ಯ ಸೀಮೆಯವರಿಗೆ ಒಕ್ಕಣೆ ಬಗ್ಗೆ ಹೇಳಬೇಕಾಗಿಲ್ಲ. ಸುಗ್ಗಿ ಕಾಲದಲ್ಲಿ ರಾಗಿ, ಹುರುಳಿಯನ್ನು ರಸ್ತೆ ಮೇಲೆ ಹರಡುತ್ತಾರೆ. ಗಾಡಿಗಳ ಚಕ್ರವೇ ಒಕ್ಕಲು ಮಾಡಿಕೊಡುತ್ತದೆ. ಅದರಲ್ಲೂ ಹುರುಳಿ ಬಳ್ಳಿ ಮಹಾ ಮೋಸ. ಕಾರಿನ ಅಡಿಗೆ ಸುತ್ತಿಕೊಂಡು, ಸೈಲೆನ್ಸರ್ ಪೈಪಿನ ಬಿಸಿಗೆ ಹೊತ್ತಿಕೊಳ್ಳುತ್ತದೆ. ಹೀಗೆ ಕಾರುಗಳು ಸುಟ್ಟುಹೋಗಿದ್ದನ್ನು ಈ ಕಡೆಯವರೆಲ್ಲ ಕೇಳಿದ್ದಾರೆ. ಎತ್ತರದ ಗಾಡಿಗೂ ಇದು ಆಗುತ್ತದೆ. ತಗ್ಗಿನ ಗಾಡಿ, ದೊಡ್ಡ ಎಂಜಿನ್, ಕೆಳಗೆಲ್ಲ ಬಿಸಿ ಪೈಪು ಅಂದರೆ ಇನ್ನೂ ಬೇಗ. ನಿಮ್ಮ ಮನೆಯವರು ಯಾವ ಕಾರು ಓಡಿಸಿದರೂ ಒಂದು ಮಾತು ಹೇಳಿರಿ: ಹುಲ್ಲು ಹಾಸಿದ ರಸ್ತೆ ಮೇಲೆ ಹೋದ ಬಳಿಕ ಸುಟ್ಟ ವಾಸನೆ ಬಂದರೆ ಕಾಲೇಜಿನ ತನಕ ನೋಡೋಣ ಅನ್ನಬಾರದು. ತಕ್ಷಣ ನಿಲ್ಲಿಸಿ, ಮಗು ಇದ್ದರೆ ಮಗುವನ್ನು ಮೊದಲು ಇಳಿಸಿ, ದೂರ ಹೋಗಬೇಕು. ಬಾನೆಟ್ ತೆಗೆದು ಇಣುಕುವುದು ಬೇಡ.

ಕಬ್ಬಿನ ಟ್ರ್ಯಾಕ್ಟರ್ ಇನ್ನೊಂದು. ಎರಡು ಟ್ರೇಲರ್ ಕಟ್ಟಿಕೊಂಡು, ಹಿಂದೆ ಲೈಟೂ ಇಲ್ಲದೆ ಮಸುಕು ಹೊತ್ತಿನಲ್ಲಿ ಹೊರಟಿರುತ್ತವೆ. ಮಸ್ಟಾಂಗ್‌ನಲ್ಲಿ ಕೂತರೆ ಕಣ್ಣಿನ ಮಟ್ಟ ತುಂಬಾ ಕೆಳಗೆ. ಸ್ವಿಫ್ಟ್‌ನಲ್ಲಿ ಮುಂದಿನ ಕಾರಿನ ಗಾಜಿನ ಮೂಲಕ ಅದರಾಚೆಗಿನ ಗಾಡಿ ಕಾಣುತ್ತಿತ್ತು. ಇಲ್ಲಿ ಮುಂದಿನ ಕಾರಿನ ಹಿಂಭಾಗ ಮಾತ್ರ ಕಾಣುತ್ತದೆ. ಅದು ಪಕ್ಕಕ್ಕೆ ಸರಿದ ಮೇಲೆಯೇ ಟ್ರೇಲರ್ ಇರುವುದು ಗೊತ್ತಾಗುವುದು. ಕಾರಿನ ಬಂಪರು, ಬಾನೆಟ್ಟು ಎಲ್ಲ ಏಟು ತಿಂದು ಮಡಚಿಕೊಳ್ಳುವ ಹಾಗೆ ಮಾಡಿರುತ್ತಾರೆ. ಟ್ರೇಲರ್ ತಳ ಬಂಪರಿಗಿಂತ ಎತ್ತರದಲ್ಲಿದ್ದರೆ ಅವು ಯಾವುವೂ ಕೆಲಸ ಮಾಡುವುದಿಲ್ಲ, ಏಟು ನೇರ ಗಾಜಿಗೆ ಬೀಳುತ್ತದೆ. ಇದು ಎಲ್ಲ ಕಾರಿಗೂ ಇರುವ ಅಪಾಯ. ತಗ್ಗಿದಷ್ಟೂ ಜಾಸ್ತಿ.

ಟೈರಿನ ಬಗ್ಗೆಯೂ ಹೇಳಬೇಕು. 19 ಇಂಚಿನ ಚಕ್ರ, ತೆಳ್ಳಗಿನ ಟೈರು. ಗುಂಡಿಗೆ ಬಿದ್ದಾಗ ಏಟು ತಡೆಯಲು ರಬ್ಬರ್ ಇರುವುದು ಸುಮಾರು 10 ಸೆಂ.ಮೀ. ಅಷ್ಟೇ. ಟೈರಿನ ಪಕ್ಕ ಉಬ್ಬಿಕೊಂಡಿದ್ದರೆ ಒಳಗಿನ ದಾರ ಹರಿದಿದೆ ಅಂತ ಅರ್ಥ. ಅದು 100ರಲ್ಲಿ ಹೋಗುವಾಗಲೇ ಸಿಡಿಯಬಹುದು. ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರುಗಳಲ್ಲಿ ನಾನು ಮೊದಲು ನೋಡುವುದು ಟೈರಿನ ವಯಸ್ಸು. ಇವು ಜಾಸ್ತಿ ಓಡಿರುವುದಿಲ್ಲ, ಶೆಡ್‌ನಲ್ಲೇ ನಿಂತಿರುತ್ತವೆ. ಹಾಗಾಗಿ ಟೈರಿನ ಮೇಲಿನ ಗಾಡಿಗಳು ಸವೆಯದೆ ಆಳವಾಗಿದ್ದು ಹೊಸದರಂತೆ ಕಂಡರೂ ರಬ್ಬರ್ ಒಣಗಿ ಗಟ್ಟಿಯಾಗಿರುತ್ತದೆ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2317 ಅಂದರೆ 2017ರ 23ನೇ ವಾರ ತಯಾರಾದದ್ದು. ಆ ಅಂಕಿ ಕಂಡರೆ ನಾಲ್ಕೂ ಟೈರು ಬದಲಿಸುವ ದುಡ್ಡನ್ನು ಲೆಕ್ಕಕ್ಕೆ ಸೇರಿಸಿ. ಸ್ಟೆಪ್ನಿ ಇದೆಯಾ, ಬರೀ ಪಂಕ್ಚರ್ ಕಿಟ್ಟಾ ಅಂತಲೂ ನೋಡಿ. ಟೈರಿನ ಪಕ್ಕ ಹರಿದರೆ ಕಿಟ್ ಪ್ರಯೋಜನಕ್ಕೆ ಬರುವುದಿಲ್ಲ. ಸಂಜೆ ಆರಕ್ಕೆ ಶ್ರೀರಂಗಪಟ್ಟಣದ ಆಚೆ ಒಬ್ಬರೇ ನಿಂತು ಟೋಯಿಂಗ್ ಗಾಡಿಗೆ ಕಾಯುವುದು ಯಾರಿಗೆ ಬೇಕು?

ಹಾಗೆ ನಿಂತಾಗ ಸುತ್ತ ಜನ ಸೇರುತ್ತಾರೆ, ಅದೂ ಒಂದು ವಿಷಯ. ಹಳದಿ ಅಥವಾ ಕೆಂಪು ಮಸ್ಟಾಂಗ್ ಮಂಡ್ಯದ ಆರ್‌ಪಿ ರೋಡಿಗೆ ಬಂದರೆ ಏನಾಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಬೈಕಿನ ಹುಡುಗರು ಪಕ್ಕಕ್ಕೆ ಬಂದು ಮೊಬೈಲ್ ಎತ್ತುತ್ತಾರೆ. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ವಿಡಿಯೊ. ‘ಆ್ಯಕ್ಸಿಲರೇಟರ್ ಕೊಡಿ ಮೇಡಂ’ ಅಂತ ಕೂಗುತ್ತಾರೆ. ಬಹಳ ಜನ ಬರೀ ಖುಷಿಗೆ ಮಾಡುವುದು. ಆದರೆ ಒಂಟಿ ಹೆಣ್ಣುಮಗಳು ದಿನಾ ಒಂದೇ ಹೊತ್ತಿಗೆ, ಒಂದೇ ರಸ್ತೆಯಲ್ಲಿ, ಊರಿಗೆಲ್ಲ ಗುರುತಿರುವ ಗಾಡಿಯಲ್ಲಿ ಹೋಗುವುದು ಅಂದರೆ ನನಗೆ ಅಷ್ಟು ಸಲೀಸು ಅನ್ನಿಸುವುದಿಲ್ಲ. ಯಾವ ಕ್ರ್ಯಾಶ್ ಟೆಸ್ಟಿನಲ್ಲೂ ಇದಕ್ಕೆ ಅಂಕ ಇಲ್ಲ. ಇದನ್ನು ನಿರ್ಧರಿಸಬೇಕಾದವರು ನಿಮ್ಮ ಮನೆಯವರು. ಅವರು ‘ಅಯ್ಯೋ, ಅದೆಲ್ಲ ನಾನು ನೋಡ್ಕೋತೀನಿ’ ಅಂದರೆ ನನ್ನದೇನೂ ತಕರಾರಿಲ್ಲ. ಆದರೆ ಅವರಿಗೆ ಹೇಳದೆ ತಂದು ನಿಲ್ಲಿಸಿದರೆ ಇದನ್ನು ಕೇಳುವ ಅವಕಾಶವೇ ಇರುವುದಿಲ್ಲ. ಹುಟ್ಟುಹಬ್ಬದ ದಿನ ರಿಬ್ಬನ್ ಕಟ್ಟಿದ ಕಾರಿನ ಮುಂದೆ ನಿಂತು ‘ಬೇಡ’ ಅನ್ನಲು ಯಾರಿಗೆ ಬಾಯಿ ಬರುತ್ತದೆ?

ಅವರ ಎತ್ತರವನ್ನೂ ಕೇಳಬೇಕಿತ್ತು. ಮುಂದಿನ ಡಿಕ್ಕಿಯಲ್ಲಿ, ಬೆಲ್ಟ್ ಹಾಕಿದ್ದರೂ, ಹೆಂಗಸರಿಗೆ ಗಂಡಸರಿಗಿಂತ ತೀವ್ರ ಗಾಯ ಆಗುವುದು ಜಾಸ್ತಿ ಎಂದು 2019ರ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಅಧ್ಯಯನ ತೋರಿಸಿತು. ಬಹುಕಾಲ ಕಾರುಗಳನ್ನು ಗಂಡಸಿನ ಅಳತೆಯ ಗೊಂಬೆ ಕೂರಿಸಿಯೇ ಪರೀಕ್ಷೆ ಮಾಡುತ್ತಿದ್ದರು. ಕುಳ್ಳಗಿರುವವರು ಉದ್ದನೆಯ ಬಾನೆಟ್ ಆಚೆಗೆ ನೋಡಲು ಸೀಟನ್ನು ತುಂಬಾ ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಸ್ಟೀರಿಂಗ್ ನಡುವಿನಿಂದ ಎದೆಗೆ ಕನಿಷ್ಠ 25 ಸೆಂ.ಮೀ. ಇರಬೇಕು. ಶೋರೂಮಿನಲ್ಲಿ ಕೂರಿಸಿ ಗೇಣಿನಲ್ಲಿ ಅಳೆದರೂ ಸಾಕು, ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ.

ಈಗ ಸ್ವಿಫ್ಟ್. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಏರ್‌ಬ್ಯಾಗ್ ಇಲ್ಲದ ಭಾರತದ ಸ್ವಿಫ್ಟನ್ನು ಪರೀಕ್ಷಿಸಿದಾಗ ದೊಡ್ಡವರ ರಕ್ಷಣೆಗೆ ಬಂದದ್ದು ಸೊನ್ನೆ ಸ್ಟಾರ್. ನಿಮ್ಮದು ಅದೇ ಪೀಳಿಗೆಯ ಗಾಡಿ. ಎರಡು ಸಂಸ್ಥೆಗಳ ಸ್ಟಾರ್‌ಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬಾರದು. ಯುರೋಪಿನ ಪರೀಕ್ಷೆ ಎಷ್ಟೋ ಕಷ್ಟದ್ದು. 2 ಸ್ಟಾರ್‌ನ ಮಸ್ಟಾಂಗ್ ಈ ಸ್ವಿಫ್ಟ್‌ಗಿಂತ ಸುರಕ್ಷಿತ ಅನ್ನುವುದರಲ್ಲಿ ನನಗೆ ಸಂಶಯ ಇಲ್ಲ. ಹಾಗಾಗಿ ನನ್ನ ಉತ್ತರ ಓದಿ ನಿಮ್ಮ ತಾಯಿಯವರು ‘ನೋಡಿದ್ಯಾ, ಇರೋದೇ ಸಾಕು’ ಅಂದರೆ ದಯವಿಟ್ಟು ಒಪ್ಪಬೇಡಿ. ಎಕ್ಸ್‌ಪ್ರೆಸ್‌ವೇಯಲ್ಲಿ ದಿನಾ 90 ಕಿ.ಮೀ. ಹೋಗಿಬರುವವರ ಕೈಯಲ್ಲಿ ಏರ್‌ಬ್ಯಾಗ್ ಇಲ್ಲದ ಕಾರು ಇರಬಾರದು. ಕಾರು ಬದಲಾಯಿಸಲೇಬೇಕು, ಹುಟ್ಟುಹಬ್ಬದ ತನಕ ಕಾಯುವುದೂ ಬೇಡ.

ಯಾವುದು? ಓಡಿಸುವ ಖುಷಿ ಬೇಕು, ಮಗು ಹಿಂದೆ ಕೂರಬೇಕು, ಹಂಪ್ ದಾಟಬೇಕು ಅಂದರೆ ನಾನು ಮೊದಲು ಹೇಳುವುದು ಫೋಕ್ಸ್‌ವ್ಯಾಗನ್ ವರ್ಟಸ್ ಅಥವಾ ಸ್ಕೋಡಾ ಸ್ಲಾವಿಯಾ, 1.5 ಲೀಟರ್ ಟರ್ಬೊ ಎಂಜಿನ್‌ದು. 150 ಹಾರ್ಸ್‌ಪವರ್. ಮಸ್ಟಾಂಗ್ ಮುಂದೆ ಏನೂ ಅಲ್ಲ, ಆದರೆ ಸ್ವಿಫ್ಟ್‌ನಿಂದ ಬಂದವರಿಗೆ ಮೊದಲ ದಿನವೇ ನಗು ತರಿಸುವಷ್ಟಿದೆ. ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಗಾಡಿಯ ಹೊಟ್ಟೆಯ ಎತ್ತರ, 179 ಮಿ.ಮೀ. 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಈ ಎರಡಕ್ಕೂ ದೊಡ್ಡವರ ರಕ್ಷಣೆಗೆ 5, ಮಕ್ಕಳ ರಕ್ಷಣೆಗೂ 5 ಸ್ಟಾರ್ ಕೊಟ್ಟಿತು. 6 ಏರ್‌ಬ್ಯಾಗ್ ಇರುವ ವೇರಿಯಂಟನ್ನೇ ತೆಗೆದುಕೊಳ್ಳಿ. ಮಸ್ಟಾಂಗ್‌ಗೆ ಇಟ್ಟ ದುಡ್ಡಿನಲ್ಲಿ ಇದನ್ನು ಹೊಸದಾಗಿಯೇ ಕೊಂಡು, ಇನ್ನೂ ಉಳಿಯುತ್ತದೆ.

ಅಷ್ಟಾದರೂ ಮಸ್ಟಾಂಗ್ ಆಸೆ ಹೋಗುವುದಿಲ್ಲ ಅಂತ ಗೊತ್ತು. ಹುಚ್ಚು ಅಂತ ನೀವೇ ಬರೆದಿದ್ದೀರಿ. ದುಡ್ಡು ಇದ್ದರೆ ಅದನ್ನು ಎರಡನೇ ಗಾಡಿಯಾಗಿ ತನ್ನಿ, ಭಾನುವಾರಕ್ಕೆ. ಬೆಳಗಿನ ಜಾವ ಹುಣಸೂರು ರಸ್ತೆಯಲ್ಲಿ ಅವರೊಬ್ಬರೇ ಓಡಿಸಿಕೊಂಡು ಬರಲಿ, ನೀವು ಮನೆಯಲ್ಲಿ ಮಗಳನ್ನು ನೋಡಿಕೊಳ್ಳಿ. ಅದಕ್ಕೆ ನಾನು ಬೇಡ ಅನ್ನುವುದಿಲ್ಲ.

ಆಗಲೂ ಅಡ್ವಾನ್ಸ್ ಕೊಡುವ ಮುಂಚೆ ಕೆಲವು ನೋಡಬೇಕು. ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಫೋರ್ಡ್ 2021ರಲ್ಲಿ ಘೋಷಿಸಿತು. ಮಸ್ಟಾಂಗ್ ಹೊರದೇಶದಿಂದಲೇ ಬರುತ್ತಿದ್ದ ಗಾಡಿ. ಬಂಪರು, ಹೆಡ್‌ಲೈಟು ಒಡೆದರೆ ಎಷ್ಟು ದಿನಕ್ಕೆ ಬರುತ್ತದೆ ಅಂತ ಸರ್ವಿಸ್‌ನವರಿಂದ ಕೇಳಿ ತಿಳಿದುಕೊಳ್ಳಿ. ಚಾಸಿ ನಂಬರ್ ಕೊಟ್ಟು ರೀಕಾಲ್ (ದೋಷ ಸರಿಪಡಿಸಲು ಕಂಪನಿಯೇ ಗಾಡಿ ವಾಪಸ್ ಕರೆಯುವುದು) ಏನಾದರೂ ಬಾಕಿ ಇದೆಯಾ ಅಂತಲೂ ವಿಚಾರಿಸಿ. ಏರ್‌ಬ್ಯಾಗ್ ಲೈಟ್ ಕೀ ತಿರುಗಿಸಿದಾಗ ಹತ್ತಿ ಆರಬೇಕು. ಹತ್ತದೇ ಇದ್ದರೂ ಅನುಮಾನ, ಆರದೇ ಇದ್ದರೂ ಅನುಮಾನ. ಒಮ್ಮೆ ಗುದ್ದಿದ ಗಾಡಿಯಲ್ಲಿ ಏರ್‌ಬ್ಯಾಗ್ ಹಾಕದೆ ಬರೀ ಮುಚ್ಚಳ ಕೂರಿಸಿ ಮಾರುವವರಿದ್ದಾರೆ. ವಿಮೆಯ ಹಳೆಯ ಕ್ಲೇಮುಗಳ ವಿವರ ತೆಗೆಸಿ.

ಕೊನೆಯದಾಗಿ ದೆಹಲಿ ನಂಬರ್. ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ ಬೇಕು, ಅದು ಫಾರಂ 28. ಹೆಸರು ಬದಲಾವಣೆಗೆ 29 ಮತ್ತು 30. ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದರೆ ಕರ್ನಾಟಕದ ನಂಬರ್ ಮಾಡಿಸಲೇಬೇಕು, ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಗಾಡಿಯ ವಯಸ್ಸು ನೋಡಿ ಟ್ಯಾಕ್ಸ್ ಕಡಿಮೆ ಮಾಡುತ್ತಾರೆ. ಆದರೂ ಶುರುವಿನಲ್ಲೇ 65 ಲಕ್ಷ ಶೋರೂಂ ಬೆಲೆ ಇದ್ದ ಗಾಡಿ, ಮೊತ್ತ ಸಣ್ಣದಿರುವುದಿಲ್ಲ. ಅದನ್ನು ಮೈಸೂರಿನ ಆರ್‌ಟಿಒದಲ್ಲಿ ಮೊದಲೇ ಬರೆಸಿಕೊಂಡು ಬಂದು, ಆಮೇಲೆ ಮಾರುವವರ ಹತ್ತಿರ ರೇಟು ಮಾತಾಡಿ.